ಲಾಗ್‌ಬುಕ್ ತುಂಬುತ್ತಿದೆ, ಕೈಗೆ ಕೆಲಸ ಬರುತ್ತಿದೆಯಾ?

ಬೆಳಗಾವಿ_ನರ್ಸಿಂಗ್_ಟೀಚರ್:

ಎಲ್ಲರಿಗೂ ನಮಸ್ಕಾರ. ಈ ಗುಂಪಿನಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಮೆಡಿಕಲ್ ಮತ್ತು ನರ್ಸಿಂಗ್ ಕಾಲೇಜುಗಳವರು ಬಹಳ ಜನ ಇದ್ದೀರಿ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಎಂಬಿಬಿಎಸ್‌ಗೆ 2019ರ ಬ್ಯಾಚಿನಿಂದ ಸಿಬಿಎಂಇ, ಅಂದರೆ ಕೌಶಲವನ್ನೇ ಗುರಿಯಾಗಿಟ್ಟ ಪಠ್ಯಕ್ರಮ, ಬಂತು. ಬಿಎಸ್ಸಿ ನರ್ಸಿಂಗ್‌ಗೆ 2021-22ರಿಂದ ಸೆಮಿಸ್ಟರ್ ಬಂತು. ಎರಡರಲ್ಲೂ ಲಾಗ್‌ಬುಕ್ ಇದೆ. ಏನನ್ನು ನೋಡಿದೆ, ಯಾವುದಕ್ಕೆ ಕೈ ಜೋಡಿಸಿದೆ, ಯಾವುದನ್ನು ಸ್ವಂತ ಮಾಡಿದೆ ಅಂತ ಬರೆದು ಸಹಿ ಹಾಕಿಸಬೇಕು. ಯೋಚನೆ ಒಳ್ಳೆಯದೇ. ಆದರೆ ಬಹಳ ಕಡೆ ಆಗುವುದೇನು? ಪರೀಕ್ಷೆ ಹತ್ತಿರ ಬಂದಾಗ ಪುಸ್ತಕ ಹೊರಗೆ ಬರುತ್ತದೆ. ಗೆಳತಿಯ ಪುಸ್ತಕ ನೋಡಿ ತಾರೀಖು ತುಂಬುತ್ತಾರೆ. ಟೀಚರ್ ಕೂತಲ್ಲೇ ಇಡೀ ರಾಶಿಗೆ ಸಹಿ ಮಾಡುತ್ತಾರೆ. ಕ್ಯಾತಿಟರ್ ಹಾಕಿದ ದಿನ ಏನು ತಪ್ಪಾಯಿತು, ಮುಂದಿನ ಸಲ ಅದು ಸರಿಹೋಯಿತಾ? ಈ ಮಾತು ಆ ಪುಸ್ತಕದಲ್ಲಿ ಎಲ್ಲೂ ಇರುವುದಿಲ್ಲ.

ಇನ್ನೊಂದು ತೊಂದರೆ ಇದೆ. ನಮ್ಮ ಹುಡುಗಿಯರು ಸ್ಕಿಲ್ ಲ್ಯಾಬಿನ ಬೊಂಬೆ ಮೇಲೆ ಕಲಿಯುತ್ತಾರೆ, ವಾರ್ಡಿನಲ್ಲಿ ಕಲಿಯುತ್ತಾರೆ, ಹಳ್ಳಿ ಪೋಸ್ಟಿಂಗ್‌ನಲ್ಲಿ ಕಲಿಯುತ್ತಾರೆ, ರಾತ್ರಿ ಹಾಸ್ಟೆಲ್‌ನಲ್ಲಿ ವಿಡಿಯೊ ನೋಡಿ ಕಲಿಯುತ್ತಾರೆ. ಇವುಗಳ ದಾಖಲೆ ಒಂದಕ್ಕೊಂದು ಸಂಬಂಧವಿಲ್ಲದೆ ಬೇರೆ ಬೇರೆ ಕಡೆ ಬಿದ್ದಿರುತ್ತದೆ. ಕೆಲವದಕ್ಕೆ ದಾಖಲೆಯೇ ಇಲ್ಲ.

ಎಕ್ಸ್‌ಎಪಿಐ ಎಂಬ ತಂತ್ರಜ್ಞಾನ ಇದನ್ನೆಲ್ಲ ಒಂದೆಡೆ ತರುತ್ತದೆ ಅಂತ ಓದಿದೆ. ನಮ್ಮ ಕಡೆ ಯಾರಾದರೂ ಬಳಸಿದ್ದೀರಾ? ನನಗೆ ಬೇಕಿರುವುದು ಇನ್ನೊಂದು ಹಾಜರಾತಿ ಯಂತ್ರ ಅಲ್ಲ. ಕೈ ಎಷ್ಟು ಪಳಗಿದೆ ಅನ್ನುವುದು ಕಲಿಯುವವಳಿಗೇ ಮೊದಲು ಕಾಣಬೇಕು. ಅದು ಆಗುತ್ತದಾ?

ನವನಗರ_ಕೋಡರ್:

ಮೇಡಂ, ನಾನು ಬಾಗಲಕೋಟೆ ನವನಗರದವನು. ಕಾಲೇಜುಗಳಿಗೆ ಮೂಡಲ್ ಎಂಬ ಆನ್‌ಲೈನ್ ಪಾಠದ ತಂತ್ರಾಂಶ ಹಾಕಿಕೊಡುವುದು ನನ್ನ ಕೆಲಸ. ವೈದ್ಯಕೀಯ ನನಗೆ ಗೊತ್ತಿಲ್ಲ, ತಾಂತ್ರಿಕ ಭಾಗ ಹೇಳುತ್ತೇನೆ.

ಆನ್‌ಲೈನ್ ಪಾಠದ ದಾಖಲೆಗೆ ಮೊದಲು ಇದ್ದದ್ದು ಸ್ಕಾರ್ಮ್ ಎಂಬ ಮಾನದಂಡ. ಅಮೆರಿಕದ ರಕ್ಷಣಾ ಇಲಾಖೆಯ ಎಡಿಎಲ್ ಎಂಬ ವಿಭಾಗ ತಂದಿದ್ದು. 2001ರಲ್ಲಿ ಬಂದ ಅದರ 1.2 ಆವೃತ್ತಿಯನ್ನು ಇವತ್ತಿಗೂ ಎಷ್ಟೋ ಕಡೆ ಬಳಸುತ್ತಾರೆ. ಪಾಠವನ್ನು ಎಲ್‌ಎಂಎಸ್ (ಮೂಡಲ್‌ನಂಥ ಪಾಠದ ತಂತ್ರಾಂಶ) ಒಳಗೆ, ಬ್ರೌಸರಿನಲ್ಲಿ ತೆರೆದರೆ ಮಾತ್ರ ಸ್ಕಾರ್ಮ್‌ಗೆ ಕಣ್ಣು. ಮುಗಿಸಿದರಾ, ಎಷ್ಟು ಅಂಕ, ಎಷ್ಟು ಹೊತ್ತು, ಇಷ್ಟು ಹೇಳುತ್ತದೆ. ವಾರ್ಡಿನಲ್ಲಿ ಏನಾಯಿತು ಅಂತ ಅದಕ್ಕೆ ಗೊತ್ತಾಗುವುದಿಲ್ಲ.

ಅದೇ ಎಡಿಎಲ್ 2013ರಲ್ಲಿ ಎಕ್ಸ್‌ಎಪಿಐ 1.0 ಹೊರತಂದಿತು. ಕೆಲವರು ಹಳೇ ಹೆಸರಿನಿಂದ ಟಿನ್ ಕ್ಯಾನ್ ಅಂತಲೂ ಕರೆಯುತ್ತಾರೆ. 2023ರಲ್ಲಿ ಅದು ಐಇಇಇ ಎಂಬ ಎಂಜಿನಿಯರ್‌ಗಳ ಸಂಸ್ಥೆಯ ಮಾನದಂಡವೂ ಆಯಿತು. ಅದರಲ್ಲಿ ಪ್ರತಿ ಘಟನೆ ಒಂದು ವಾಕ್ಯ. ಯಾರು, ಏನು ಮಾಡಿದರು, ಯಾವುದನ್ನು. ಜೊತೆಗೆ ಫಲಿತಾಂಶ, ಸಂದರ್ಭ, ಸಮಯ, ಎದುರಿಗಿದ್ದ ಬೋಧಕರು ಯಾರು ಅನ್ನುವುದನ್ನೂ ಸೇರಿಸಬಹುದು. ಉದಾಹರಣೆಗೆ: ಈ ವಿದ್ಯಾರ್ಥಿನಿ, ಅಭ್ಯಾಸ ಮಾಡಿದಳು, ಬೊಂಬೆ ಮೇಲೆ ಸಿಪಿಆರ್ (ಹೃದಯ ನಿಂತಾಗ ಎದೆ ಒತ್ತುವುದು), ಒತ್ತಿದ ಆಳ ಸರಾಸರಿ 4.2 ಸೆಂ.ಮೀ., ವೇಗ ನಿಮಿಷಕ್ಕೆ 128. ಈ ವಾಕ್ಯ ಎಲ್‌ಆರ್‌ಎಸ್ ಎಂಬ ಕಣಜಕ್ಕೆ ಹೋಗಿ ಕೂರುತ್ತದೆ. ಬೊಂಬೆ, ಮೊಬೈಲ್ ಆ್ಯಪ್, ಮೂಡಲ್, ಟೀಚರ್ ತುಂಬುವ ಚೆಕ್‌ಲಿಸ್ಟ್, ಎಲ್ಲವೂ ಅದೇ ಜಾಗಕ್ಕೆ ಕಳಿಸಬಹುದು.

ಖರ್ಚಿನ ಬಗ್ಗೆ ಯಾರಾದರೂ ಕೇಳುವ ಮೊದಲೇ ಹೇಳುತ್ತೇನೆ. ಎಸ್‌ಕ್ಯುಎಲ್ ಎಲ್‌ಆರ್‌ಎಸ್ ಎಂಬುದು ಮುಕ್ತ ತಂತ್ರಾಂಶ, ಪುಕ್ಕಟೆ. ಮೂಡಲ್‌ನಿಂದ ವಾಕ್ಯ ಕಳಿಸಲು ಲಾಗ್‌ಸ್ಟೋರ್ ಎಕ್ಸ್‌ಎಪಿಐ ಎಂಬ ಪ್ಲಗಿನ್ ಇದೆ, ಅದೂ ಪುಕ್ಕಟೆ. ಸರ್ವರ್ ಮತ್ತು ನೋಡಿಕೊಳ್ಳುವ ಮನುಷ್ಯ, ಇವೆರಡಕ್ಕೆ ಮಾತ್ರ ದುಡ್ಡು.

ಹೌಸ್‌ಸರ್ಜನ್_ವಿಜಯಪುರ:

ನಾನು ವಿದ್ಯಾರ್ಥಿಗಳ ಕಡೆಯಿಂದ ಮಾತಾಡುತ್ತೇನೆ. ಇದನ್ನು ಕೇಳಿದರೆ ನನಗೆ ಭಯ ಆಗುತ್ತದೆ.

ಥಿಯರಿಗೆ 75%, ಪ್ರಾಕ್ಟಿಕಲ್‌ಗೆ 80% ಹಾಜರಾತಿ ಬೇಕೇಬೇಕು. ಇಂಟರ್ನಲ್ ಅಂಕ ಇದೆ. ಈಗ ನಾನು ಸಿಪಿಆರ್ ಕಲಿಯುವಾಗ ಒತ್ತಿದ ಆಳ ಸಾಲಲಿಲ್ಲ ಅನ್ನುವುದೂ ಎಲ್ಲೋ ಒಂದು ಕಡೆ ಉಳಿದುಬಿಡುತ್ತದೆ. ಕಲಿಯುವಾಗ ತಪ್ಪು ಮಾಡಲೇಬೇಕು ಅಲ್ವಾ? ಬೊಂಬೆ ಇರುವುದೇ ಅದಕ್ಕೆ. ಅಲ್ಲಿಯೂ ಯಾರೋ ಬರೆದುಕೊಳ್ಳುತ್ತಿದ್ದಾರೆ ಅಂದರೆ ಯಾರೂ ಕಷ್ಟದ್ದನ್ನು ಪ್ರಯತ್ನ ಮಾಡುವುದಿಲ್ಲ. ಬರುವುದನ್ನೇ ಮತ್ತೆ ಮತ್ತೆ ಮಾಡುತ್ತಾರೆ.

ನನ್ನ ಗೆಳೆಯ ಓದಿದ ಕಡೆ ಎಲ್‌ಎಂಎಸ್ ವರದಿಯನ್ನು ರ‍್ಯಾಂಕ್ ಪಟ್ಟಿ ಮಾಡಿ ನೋಟಿಸ್ ಬೋರ್ಡಿಗೆ ಹಚ್ಚಿದ್ದರು. ಆಮೇಲೆ ಹುಡುಗರು ವಿಡಿಯೊ ಹಚ್ಚಿಟ್ಟು ಊಟಕ್ಕೆ ಹೋಗುತ್ತಿದ್ದರು. ನೋಡಿದ ಸಮಯ ಏರಿತು, ಕಲಿತದ್ದು ಏನೂ ಇಲ್ಲ. ದಾಖಲೆ ಯಾರ ಕೈಯಲ್ಲಿದೆ, ಯಾಕೆ ನೋಡುತ್ತಾರೆ ಅನ್ನುವುದು ಇತ್ಯರ್ಥವಾಗದೆ ಇದನ್ನು ಶುರು ಮಾಡಬೇಡಿ. ದಯವಿಟ್ಟು.

ಬೆಳಗಾವಿ_ನರ್ಸಿಂಗ್_ಟೀಚರ್:

ನಿಮ್ಮ ಮಾತು ಪೂರ್ತಿ ಒಪ್ಪುತ್ತೇನೆ. ಅಭ್ಯಾಸದ ದಾಖಲೆ ಬೇರೆ, ಪರೀಕ್ಷೆಯ ದಾಖಲೆ ಬೇರೆ. ಮೊದಲನೆಯದರಿಂದ ಅಂಕ ಕೊಡಬಾರದು, ಕಳೆಯಲೂಬಾರದು. ಇದು ಬರೀ ಭರವಸೆ ಆಗಬಾರದು, ಲಿಖಿತ ನಿಯಮ ಆಗಬೇಕು.

ಕೋಡರ್ ಅವರೇ, ಎರಡನ್ನೂ ತಾಂತ್ರಿಕವಾಗಿ ಬೇರೆ ಇಡಲು ಬರುತ್ತದಾ?

ನವನಗರ_ಕೋಡರ್:

ಬರುತ್ತದೆ. ಅಭ್ಯಾಸಕ್ಕೆ ಒಂದು ಎಲ್‌ಆರ್‌ಎಸ್, ಮೌಲ್ಯಮಾಪನಕ್ಕೆ ಇನ್ನೊಂದು. ಮೊದಲನೆಯದರ ಕೀಲಿ ವಿದ್ಯಾರ್ಥಿ ಮತ್ತು ಆಕೆಯ ಮೆಂಟರ್ ಹತ್ತಿರ ಮಾತ್ರ. ವಿಭಾಗದ ಮುಖ್ಯಸ್ಥರಿಗೆ ಹೆಸರಿಲ್ಲದ ಒಟ್ಟು ಚಿತ್ರ ಸಾಕು. ಇಡೀ ಬ್ಯಾಚು ಎಲ್ಲಿ ಎಡವುತ್ತಿದೆ ಅಂತ ಗೊತ್ತಾದರೆ ಪಾಠ ಬದಲಿಸಬಹುದು.

ಇಂಡಿ_ತಾಲ್ಲೂಕು_ಡಾಕ್ಟರ್:

ನಾನು ಇಂಡಿ ಕಡೆ ಪಿಎಚ್‌ಸಿಯಲ್ಲಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಇದ್ದೇನೆ. ಎಎನ್‌ಎಂ (ಹಳ್ಳಿಯ ಸಹಾಯಕ ದಾದಿ), ಸ್ಟಾಫ್ ನರ್ಸ್ ತರಬೇತಿಯಲ್ಲಿ ಆಗಾಗ ಪಾಠ ಮಾಡುತ್ತೇನೆ. ಅಳತೆಯ ವಿಷಯ ಬಂತಲ್ಲ, ಅದಕ್ಕೆ ನಮ್ಮ ಬೆಳಗಾವಿಯದ್ದೇ ಒಂದು ಸಂಗತಿ ಇದೆ. ಇಲ್ಲಿಯ ಎಷ್ಟೋ ವಿದ್ಯಾರ್ಥಿಗಳಿಗೇ ಅದು ಗೊತ್ತಿಲ್ಲ, ಅದಕ್ಕೆ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಹೆರಿಗೆ ಆದ ಮೇಲೆ ರಕ್ತಸ್ರಾವ ಎಷ್ಟಾಯಿತು ಅಂತ ಮೊದಲೆಲ್ಲ ಕಣ್ಣಂದಾಜಿನಲ್ಲೇ ಹೇಳುತ್ತಿದ್ದರು. ಬೆಳಗಾವಿಯ ಜೆಎನ್‌ಎಂಸಿ ಮೆಡಿಕಲ್ ಕಾಲೇಜು ಮತ್ತು ಅಮೆರಿಕದ ಸಂಶೋಧಕರು ಸೇರಿ ಒಂದು ಡ್ರೇಪ್ ಮಾಡಿದರು. ತಾಯಿಯ ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆ, ಅದರ ತುದಿಯಲ್ಲಿ ಅಳತೆಯ ಗೆರೆ ಇರುವ ಚೀಲ. ರಕ್ತ ಅದರಲ್ಲಿ ಇಳಿಯುತ್ತದೆ, ಗೆರೆ ನೋಡಿ ಮಿಲಿಲೀಟರ್ ಹೇಳಬಹುದು. ಬೆಳಗಾವಿಯ ಜಿಲ್ಲಾ ಆಸ್ಪತ್ರೆಯಲ್ಲೇ ಹೋಲಿಸಿ ನೋಡಿದರು. 2006ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಕಣ್ಣಂದಾಜು ಡ್ರೇಪ್ ಅಳತೆಗಿಂತ 33% ಕಡಿಮೆ ಇತ್ತು. ದಿನಾ ಹೆರಿಗೆ ಮಾಡಿಸುವ ಅನುಭವಿಗಳ ಕಣ್ಣು ಅದು.

ಅದೇ ವರ್ಷ ದಿ ಲ್ಯಾನ್ಸೆಟ್‌ನಲ್ಲಿ ಬೆಳಗಾವಿ ಜಿಲ್ಲೆಯ ಹಳ್ಳಿಗಳ ಅಧ್ಯಯನ ಬಂತು. 1,620 ತಾಯಂದಿರು. ಎಎನ್‌ಎಂಗಳು ಮಿಸೊಪ್ರೊಸ್ಟಾಲ್ ಎಂಬ, ರಕ್ತಸ್ರಾವ ತಡೆಯುವ ಮಾತ್ರೆ ಕೊಟ್ಟ ತಾಯಂದಿರಲ್ಲಿ ಅತಿ ರಕ್ತಸ್ರಾವ 6.4%, ಕೊಡದವರಲ್ಲಿ 12%. ಆ ಅಳತೆಗೆ ಬಳಸಿದ್ದು ಇದೇ ಡ್ರೇಪ್.

2023ರಲ್ಲಿ ಇ-ಮೋಟಿವ್ ಎಂಬ ದೊಡ್ಡ ಅಧ್ಯಯನದ ಫಲಿತಾಂಶ ಬಂತು. ಆಫ್ರಿಕಾದ ನಾಲ್ಕು ದೇಶಗಳ 80 ಆಸ್ಪತ್ರೆಗಳು. ಗೆರೆ ಇರುವ ಡ್ರೇಪ್ ಹಾಸಿ, ರಕ್ತ ಮಿತಿ ದಾಟಿದ ಕೂಡಲೇ ಗರ್ಭಕೋಶದ ಮಸಾಜ್, ಆಕ್ಸಿಟೋಸಿನ್, ಟ್ರಾನೆಕ್ಸಾಮಿಕ್ ಆ್ಯಸಿಡ್, ಡ್ರಿಪ್, ಪರೀಕ್ಷೆ ಎಲ್ಲವನ್ನೂ ಒಟ್ಟಿಗೆ ಶುರು ಮಾಡಿದರು. ಈ ಪದ್ಧತಿ ಇದ್ದ ಕಡೆ 93% ರಕ್ತಸ್ರಾವಗಳು ಗುರುತಿಗೆ ಬಂದವು, ಇಲ್ಲದ ಕಡೆ 51%. ತೀವ್ರ ರಕ್ತಸ್ರಾವ, ಹೊಟ್ಟೆ ತೆರೆಯುವ ಶಸ್ತ್ರಚಿಕಿತ್ಸೆ, ರಕ್ತಸ್ರಾವದಿಂದ ಸಾವು, ಈ ಮೂರೂ ಸೇರಿ 60% ಕಡಿಮೆ.

ಅಳತೆ ಇದ್ದರೆ ಕೈ ಬೇಗ ಓಡುತ್ತದೆ. ತರಬೇತಿಯಲ್ಲೂ ಹಾಗೇ ಆಗಬೇಕು ಅನ್ನುವುದು ನನ್ನ ಆಸೆ. ನಮ್ಮ ಡ್ರಿಲ್‌ನಲ್ಲಿ, ಅಂದರೆ ಅಣಕು ಅಭ್ಯಾಸದಲ್ಲಿ, ಗೆರೆ ದಾಟಿದ್ದು ಯಾವ ನಿಮಿಷ, ಕೂಗಿ ಕರೆದದ್ದು ಯಾವ ನಿಮಿಷ, ಇಂಜೆಕ್ಷನ್ ಕೊಟ್ಟದ್ದು ಯಾವ ನಿಮಿಷ? ಇವತ್ತು ಇದನ್ನು ಯಾರೂ ಬರೆದಿಡುವುದಿಲ್ಲ. "ಪಿಪಿಎಚ್ (ಹೆರಿಗೆ ನಂತರದ ಅತಿ ರಕ್ತಸ್ರಾವ) ತರಬೇತಿ ಆಯಿತು" ಅಂತ ರಿಜಿಸ್ಟರಿನಲ್ಲಿ ಸಹಿ ಮಾತ್ರ ಇರುತ್ತದೆ.

ಒಂದು ಪ್ರಶ್ನೆ. ನಮ್ಮಲ್ಲಿ ನೆಟ್‌ವರ್ಕ್ ಇಲ್ಲದ ಸಬ್‌ಸೆಂಟರ್ ಇವೆ. ಖಾನಾಪುರದ ಕಾಡಂಚಿನ ಊರುಗಳಲ್ಲಂತೂ ಕೇಳುವುದೇ ಬೇಡ. ಅಲ್ಲಿ ಏನು ಮಾಡುವುದು?

ನವನಗರ_ಕೋಡರ್:

ಸರ್, ಅದಕ್ಕೆ ದಾರಿ ಇದೆ. ಮೊಬೈಲಿನಲ್ಲಿ ವಾಕ್ಯ ಉಳಿಸಿಟ್ಟು, ಸಿಗ್ನಲ್ ಸಿಕ್ಕಾಗ ಕಳಿಸುವ ಹಾಗೆ ಆ್ಯಪ್ ಬರೆಯಬಹುದು. ಘಟನೆ ನಡೆದ ಸಮಯ ಬೇರೆ, ಎಲ್‌ಆರ್‌ಎಸ್‌ಗೆ ಬಂದು ಸೇರಿದ ಸಮಯ ಬೇರೆ. ಎರಡೂ ದಾಖಲಾಗುತ್ತವೆ. ಮಂಗಳವಾರ ಮಾಡಿದ ಡ್ರಿಲ್ ಶುಕ್ರವಾರ ಬಂದರೂ ಮಂಗಳವಾರದ್ದೇ. ಪ್ರತಿ ವಾಕ್ಯಕ್ಕೂ ಒಂದು ಗುರುತಿನ ಸಂಖ್ಯೆ ಇರುವುದರಿಂದ ಎರಡು ಸಲ ಕಳಿಸಿದರೂ ಎರಡು ಲೆಕ್ಕ ಆಗುವುದಿಲ್ಲ.

ಇನ್ನೊಂದು ಲಾಭ ಇದೆ. ಪರೀಕ್ಷೆಯ ಹಿಂದಿನ ದಿನ ಕೂತು ಹಳೇ ತಾರೀಖು ಹಾಕಿ ತುಂಬಿದರೆ, ನಡೆದ ಸಮಯಕ್ಕೂ ಬಂದ ಸಮಯಕ್ಕೂ ತಿಂಗಳುಗಟ್ಟಲೆ ಅಂತರ ಕಾಣುತ್ತದೆ. ಯಾರನ್ನೂ ಹಿಡಿಯಲು ಇದನ್ನು ಬಳಸಬೇಕಿಲ್ಲ. ಆದರೆ ಕಾಣುತ್ತದೆ ಅಂತ ಗೊತ್ತಿದ್ದರೆ ಅಂದಂದಿನದು ಅಂದೇ ಬರೆಯುವ ಅಭ್ಯಾಸ ಆಗುತ್ತದೆ.

ವಾಕ್ಯದಲ್ಲಿ ಕಾಣುವ ಪದಗಳನ್ನು ಕನ್ನಡದಲ್ಲೂ ಇಡಬಹುದು. ಎಎನ್‌ಎಂ ತರಬೇತಿಗೆ ಅದು ಬೇಕಾಗುತ್ತದೆ.

ಹಿರಿಯ_ಬೋಧಕ_ಸರ್ಜರಿ:

ಮಾತು ಒಳ್ಳೆಯ ದಾರಿಯಲ್ಲಿ ಹೋಗುತ್ತಿದೆ. ಆದರೂ ನಡುವೆ ಒಂದು ಎಚ್ಚರಿಕೆ ಹೇಳುತ್ತೇನೆ. ಎಷ್ಟು ಸಲ ಮಾಡಿದರು ಅನ್ನುವುದು ಎಷ್ಟು ಚೆನ್ನಾಗಿ ಮಾಡುತ್ತಾರೆ ಅನ್ನುವುದಕ್ಕೆ ಸಮ ಅಲ್ಲ. ಹೊಲಿಗೆ ಇಪ್ಪತ್ತು ಸಲ ತಪ್ಪಾಗಿ ಹಾಕಿದವನು ತಪ್ಪನ್ನೇ ಗಟ್ಟಿ ಮಾಡಿಕೊಂಡಿರುತ್ತಾನೆ.

ಜಾರ್ಜ್ ಮಿಲ್ಲರ್ 1990ರಲ್ಲಿ ಒಂದು ಪಿರಮಿಡ್ ಕೊಟ್ಟರು. ಬುಡದಲ್ಲಿ ಗೊತ್ತಿರುವುದು, ಅದರ ಮೇಲೆ ಹೇಗೆ ಅಂತ ಗೊತ್ತಿರುವುದು, ಅದರ ಮೇಲೆ ಮಾಡಿ ತೋರಿಸುವುದು, ತುದಿಯಲ್ಲಿ ನಿಜವಾಗಿ ಮಾಡುವುದು. ನಮ್ಮ ಸಿಬಿಎಂಇ ಪಟ್ಟಿಯ ಕೆ, ಕೆಎಚ್, ಎಸ್‌ಎಚ್, ಪಿ ಎಂಬ ಕಾಲಮ್ಮುಗಳು ಅಲ್ಲಿಂದಲೇ ಬಂದವು. ಎಂಸಿಕ್ಯೂ ಬುಡವನ್ನು ಅಳೆಯುತ್ತದೆ. ಓಎಸ್‌ಸಿಇ, ಅಂದರೆ ಕೆಲಸ ಮಾಡಿ ತೋರಿಸುವ ಪರೀಕ್ಷೆ, ಮೂರನೇ ಮೆಟ್ಟಿಲನ್ನು ಅಳೆಯುತ್ತದೆ. ತುದಿಯನ್ನು ಅಳೆಯಬೇಕಾದರೆ ಹಾಸಿಗೆಯ ಪಕ್ಕ ಒಬ್ಬ ಮನುಷ್ಯ ನಿಂತು ನೋಡಬೇಕು. ಯಾವ ಎಲ್‌ಆರ್‌ಎಸ್ ಬಂದರೂ ಆ ಮನುಷ್ಯನ ಬದಲು ನಿಲ್ಲುವುದಿಲ್ಲ.

ಹಾಗಾಗಿ ಸಂಖ್ಯೆಗಿಂತ ನಂಬಿಕೆಯ ಮಟ್ಟ ಬರೆಯಿರಿ. 2005ರಲ್ಲಿ ಓಲೆ ಟೆನ್ ಕೇಟ್ ಇಪಿಎ ಎಂಬ ಯೋಚನೆ ತಂದರು. ಈ ಕೆಲಸವನ್ನು ಈ ಹುಡುಗನಿಗೆ ಒಪ್ಪಿಸಬಹುದಾ ಅನ್ನುವುದೇ ಅದರ ಪ್ರಶ್ನೆ. ಬರೀ ನೋಡಲಿ, ನಾನು ಪಕ್ಕದಲ್ಲಿದ್ದಾಗ ಮಾಡಲಿ, ಕರೆದರೆ ಬರುವಷ್ಟು ದೂರದಲ್ಲಿದ್ದಾಗ ಮಾಡಲಿ, ಒಬ್ಬನೇ ಮಾಡಲಿ, ಇನ್ನೊಬ್ಬನಿಗೆ ಕಲಿಸಲಿ. ಪ್ರತಿ ಸಲ ನೋಡಿದವರು ಇದರಲ್ಲಿ ಒಂದನ್ನು ಒತ್ತಿ, ಎರಡು ಸಾಲು ಮಾತು ಸೇರಿಸಿದರೆ ಆ ದಾಖಲೆಗೆ ಬೆಲೆ ಇದೆ. ನಾನು ಪಕ್ಕದಲ್ಲಿ ನಿಂತು ಮಾಡಿಸಿದ್ದೂ, ಅವನೇ ಸ್ವಂತ ಮಾಡಿದ್ದೂ ಲಾಗ್‌ಬುಕ್‌ನಲ್ಲಿ ಈಗ ಒಂದೇ ಸಹಿ.

ಎರಡನೇ ಮಾತು. ಉತ್ತರ ಪ್ರದೇಶದ ಬೆಟರ್‌ಬರ್ತ್ ಅಧ್ಯಯನ, 2017ರಲ್ಲಿ ಬಂದದ್ದು, ಇಲ್ಲಿ ಎಲ್ಲರೂ ತಿಳಿದಿರಬೇಕು. ಸುರಕ್ಷಿತ ಹೆರಿಗೆ ಚೆಕ್‌ಲಿಸ್ಟ್ ಕೊಟ್ಟು, ಕೋಚ್‌ಗಳನ್ನು ಕಳಿಸಿ, ನರ್ಸ್‌ಗಳ ಕೆಲಸ ನೋಡಿ ತಿದ್ದಿದರು. ಎರಡು ತಿಂಗಳಲ್ಲಿ ಅಗತ್ಯ ಕೆಲಸಗಳು 72.8% ನಡೆದವು. ಕೋಚಿಂಗ್ ಇಲ್ಲದ ಕಡೆ 41.7%. ಆದರೆ ತಾಯಿ ಮಗುವಿನ ಸಾವು ಮತ್ತು ತೀವ್ರ ತೊಂದರೆ ಎರಡೂ ಕಡೆ ಸುಮಾರು 15%, ವ್ಯತ್ಯಾಸ ಇಲ್ಲ. 12 ತಿಂಗಳಿಗೆ, ಕೋಚ್‌ಗಳು ಹೋದ ಮೇಲೆ, ಆ 72.8% ಕೂಡ 61.7%ಕ್ಕೆ ಇಳಿಯಿತು. ಡ್ಯಾಶ್‌ಬೋರ್ಡ್ ಹಸಿರಾದ ಮಾತ್ರಕ್ಕೆ ರೋಗಿ ಉಳಿಯುತ್ತಾಳೆ ಅಂತ ಯಾರೂ ತಿಳಿಯಬಾರದು.

ಇಂಡಿ_ತಾಲ್ಲೂಕು_ಡಾಕ್ಟರ್:

ಸರ್, ಬೆಟರ್‌ಬರ್ತ್‌ನಿಂದ ನಾನು ಇನ್ನೊಂದನ್ನೂ ಓದಿಕೊಳ್ಳುತ್ತೇನೆ. ಕೋಚ್ ಹೋದ ಮೇಲೆ ಇಳಿಯಿತು ಅಂದರೆ, ಯಾವ ಕೆಲಸ ಇಳಿಯಿತು, ಯಾವ ತಿಂಗಳಿನಿಂದ ಇಳಿಯಿತು ಅನ್ನುವುದು ಆಯಾ ಆಸ್ಪತ್ರೆಯವರಿಗೆ ಕಾಣುತ್ತಿರಬೇಕು. ಕಂಡರೆ ಮತ್ತೆ ಒಂದು ಡ್ರಿಲ್ ಮಾಡಬಹುದು. ಪಿಪಿಎಚ್ ಎಲ್ಲ ಪಿಎಚ್‌ಸಿಯಲ್ಲಿ ದಿನಾ ಬರುವುದಿಲ್ಲ. ಬಂದ ದಿನ ಕೈ ಮರೆತಿರಬಾರದು, ಅಷ್ಟೇ.

ಹೌಸ್‌ಸರ್ಜನ್_ವಿಜಯಪುರ:

ಹಿರಿಯ ಬೋಧಕರ ಮಾತು ಓದಿ ಸಮಾಧಾನ ಆಯಿತು. ಎರಡು ಸಾಲು ಮಾತು ಅಂದಿರಲ್ಲ, ಅದೇ ನಮಗೆ ಸಿಗುವುದಿಲ್ಲ. ಇಡೀ ಪೋಸ್ಟಿಂಗ್ ಮುಗಿದರೂ "ನಿನ್ನದು ಇಲ್ಲಿ ತಪ್ಪುತ್ತಿದೆ" ಅಂತ ಹೇಳುವವರು ಕಡಿಮೆ.

ಬೊಂಬೆಯ ಬಗ್ಗೆ ನನ್ನ ಅನುಭವ ಹೇಳುತ್ತೇನೆ. ಸೆನ್ಸರ್ ಇರುವ ಬೊಂಬೆಯ ಮೇಲೆ ಸಿಪಿಆರ್ ಮಾಡಿದಾಗ ಪರದೆಯ ಮೇಲೆ ಗೆರೆ ಬರುತ್ತದೆ. ಆಳ 5ರಿಂದ 6 ಸೆಂ.ಮೀ. ಇರಬೇಕು, ವೇಗ 100ರಿಂದ 120. ನನ್ನ ವೇಗ ಸರಿಯಿತ್ತು, ಆದರೆ ಪ್ರತಿ ಸಲ ಎದೆ ಪೂರ್ತಿ ಮೇಲೆ ಬರಲು ಬಿಡುತ್ತಿರಲಿಲ್ಲ. ಅಂಗೈಯ ಭಾರ ಎದೆ ಮೇಲೇ ಉಳಿಯುತ್ತಿತ್ತು. ಪಕ್ಕದಲ್ಲಿ ನೋಡುತ್ತಿದ್ದವರಿಗೂ ಅದು ಗೊತ್ತಾಗಿರಲಿಲ್ಲ. ಗೆರೆ ನೋಡಿದ ಮೇಲೆ ಅಲ್ಲೇ ತಿದ್ದಿಕೊಂಡೆ. ಬೋರ್ಡಿಗೆ ಹಚ್ಚುವ ರ‍್ಯಾಂಕ್ ಆಗಿದ್ದರೆ ನಾನು ಆ ಬೊಂಬೆ ಹತ್ತಿರ ಹೋಗುತ್ತಲೇ ಇರಲಿಲ್ಲ.

ಲ್ಯಾಬ್_ಟೆಕ್_ಜಮಖಂಡಿ:

ಆ ಬೊಂಬೆಗಳು ತಾವಾಗಿಯೇ ಎಕ್ಸ್‌ಎಪಿಐ ಕಳಿಸುತ್ತವಾ?

ನವನಗರ_ಕೋಡರ್:

ಎಲ್ಲವೂ ಕಳಿಸುವುದಿಲ್ಲ. ಕೊಳ್ಳುವ ಮೊದಲು ಕೇಳಿ. ಫೈಲ್ ಹೊರಗೆ ಕೊಡುವ ಬೊಂಬೆಯಾದರೆ ನಡುವೆ ಒಂದು ಚಿಕ್ಕ ಪ್ರೋಗ್ರಾಂ ಬರೆದು ವಾಕ್ಯ ಮಾಡಬಹುದು. ದಾಖಲೆಯನ್ನು ತನ್ನೊಳಗೇ ಇಟ್ಟುಕೊಂಡು ಹೊರಗೆ ಕೊಡದ ಯಂತ್ರ ಎಷ್ಟು ಚೆನ್ನಾಗಿದ್ದರೂ ಕೊಳ್ಳಬೇಡಿ ಅನ್ನುವುದು ನನ್ನ ಸಲಹೆ. ಓಪನ್‌ಲ್ಯಾಬಿರಿಂತ್ ಎಂಬ ಮುಕ್ತ ತಂತ್ರಾಂಶವೂ ಇದೆ, ಕಾಲ್ಪನಿಕ ರೋಗಿಯ ಕೇಸ್ ಬರೆಯಲು. ವಿದ್ಯಾರ್ಥಿ ಯಾವ ಹೆಜ್ಜೆ ಮೊದಲು ಇಟ್ಟ, ಎಲ್ಲಿ ದಾರಿ ತಪ್ಪಿದ ಅನ್ನುವುದನ್ನು ಅದು ಎಕ್ಸ್‌ಎಪಿಐ ವಾಕ್ಯವಾಗಿ ಕಳಿಸಬಲ್ಲದು.

ಗುಟ್ಟಿನ ವಿಷಯ ಬಾಕಿ ಇದೆ, ಇದನ್ನು ಎಲ್ಲರೂ ಓದಿ. ವಿದ್ಯಾರ್ಥಿಯ ಗುರುತಿಗೆ ಇಮೇಲ್ ಬಳಸಬಹುದು, ಅದರ ಹ್ಯಾಶ್ (ಇಮೇಲನ್ನು ಲೆಕ್ಕಕ್ಕೆ ಹಾಕಿ ಪಡೆದ ಅಕ್ಷರಸಾಲು) ಬಳಸಬಹುದು, ಖಾತೆ ಸಂಖ್ಯೆ ಬಳಸಬಹುದು. ಹ್ಯಾಶ್ ಮಾಡಿದರೆ ಗುಟ್ಟಾಗಿರುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಕಾಲೇಜಿನ ಇಮೇಲ್ ಪಟ್ಟಿ ಇದ್ದವರು ಒಂದೊಂದನ್ನೇ ಹ್ಯಾಶ್ ಮಾಡಿ ಹೋಲಿಸಿದರೆ ಯಾರು ಅಂತ ಗೊತ್ತಾಗುತ್ತದೆ. ಅರ್ಥವಿಲ್ಲದ ಖಾತೆ ಸಂಖ್ಯೆ ಕೊಟ್ಟು, ಹೆಸರಿನ ಪಟ್ಟಿಯನ್ನು ಬೇರೆ ಕಡೆ ಬೀಗ ಹಾಕಿ ಇಡುವುದೇ ಸರಿ.

ಇನ್ನೊಂದು. ಎಲ್‌ಆರ್‌ಎಸ್‌ಗೆ ಹೋದ ವಾಕ್ಯವನ್ನು ತಿದ್ದಲು ಬರುವುದಿಲ್ಲ. ತಪ್ಪಾಗಿದ್ದರೆ "ರದ್ದು" ಅಂತ ಇನ್ನೊಂದು ವಾಕ್ಯ ಕಳಿಸಬೇಕು. ಆದರೆ ಮೊದಲಿನದು ಅಳಿಯುವುದಿಲ್ಲ, ಒಳಗೇ ಇರುತ್ತದೆ. ಹಾಗಾಗಿ ರೋಗಿಯ ಹೆಸರು, ಐಪಿ (ಒಳರೋಗಿ) ನಂಬರ್, ಫೋಟೊ ಯಾವುದನ್ನೂ ಅದರಲ್ಲಿ ಹಾಕಲೇಬಾರದು. ಎರಡು ಸಾಲು ಮಾತು ಬರೆಯುವ ಬೋಧಕರು ಅವಸರದಲ್ಲಿ "ಬೆಡ್ 14ರ ಅಜ್ಜಿ" ಅಂತ ಬರೆದುಬಿಡುತ್ತಾರೆ. ಅದೂ ಬೇಡ. ವೈಯಕ್ತಿಕ ಡಿಜಿಟಲ್ ಮಾಹಿತಿ ರಕ್ಷಣೆಗೆ 2023ರಲ್ಲಿ ಕಾಯ್ದೆಯೇ ಬಂದಿದೆ. ವಿದ್ಯಾರ್ಥಿಯ ಒಪ್ಪಿಗೆ, ಯಾವ ಉದ್ದೇಶಕ್ಕೆ, ಎಷ್ಟು ದಿನ ಇಡುತ್ತೇವೆ, ಮೂರನ್ನೂ ಮೊದಲೇ ಬರೆದು ಕೊಡಬೇಕು.

ಬೆಳಗಾವಿ_ನರ್ಸಿಂಗ್_ಟೀಚರ್:

ಎಲ್ಲರ ಮಾತನ್ನೂ ಬರೆದುಕೊಂಡೆ. ಎಲ್ಲ ಕೌಶಲಕ್ಕೂ ಒಮ್ಮೆಲೇ ಕೈಹಾಕುವುದಿಲ್ಲ. ಒಂದು ಬ್ಯಾಚು, ಒಂದು ಸೆಮಿಸ್ಟರ್, ಒಂದೇ ಡ್ರಿಲ್: ಪಿಪಿಎಚ್. ಇಂಡಿ ಡಾಕ್ಟರ್ ಹೇಳಿದ ಹಾಗೆ ಗೆರೆ ದಾಟಿದ್ದು, ಕೂಗಿ ಕರೆದದ್ದು, ಇಂಜೆಕ್ಷನ್ ಕೊಟ್ಟದ್ದು ಮೂರರ ಸಮಯ. ಜೊತೆಗೆ ನೋಡಿದವರು ಕೊಡುವ ನಂಬಿಕೆಯ ಮಟ್ಟ ಮತ್ತು ಎರಡು ಸಾಲು ಮಾತು. ಅಭ್ಯಾಸದ ದಾಖಲೆಯಿಂದ ಅಂಕ ಇಲ್ಲ. ನಮ್ಮ ಪ್ರಿನ್ಸಿಪಾಲರ ಹತ್ತಿರ ಇದನ್ನು ಲಿಖಿತವಾಗಿ ಕೇಳುತ್ತೇನೆ. ಅವರು ಒಪ್ಪದಿದ್ದರೆ ಶುರು ಮಾಡುವುದಿಲ್ಲ.

ಹಿರಿಯ_ಬೋಧಕ_ಸರ್ಜರಿ:

ಡ್ರಿಲ್ ಮುಗಿದ ಕೂಡಲೇ ಕೂತು ಮಾತಾಡಲು ಸಮಯ ಇಡಿ. ಡ್ರಿಲ್‌ಗಿಂತ ಅದು ಜಾಸ್ತಿ ಹೊತ್ತು ಇರಲಿ. ಹುಡುಗಿಯರೇ ಮೊದಲು ತಮ್ಮ ಸಮಯ ನೋಡಿ ಮಾತಾಡಲಿ, ಟೀಚರ್ ಆಮೇಲೆ.

ಇಂಡಿ_ತಾಲ್ಲೂಕು_ಡಾಕ್ಟರ್:

ಮೂರು ತಿಂಗಳ ನಂತರ ಹೇಳದೆ ಕೇಳದೆ ಇನ್ನೊಂದು ಡ್ರಿಲ್ ಮಾಡಿ. ಕೈ ಎಷ್ಟು ಮರೆತಿದೆ ಅಂತ ಆಗ ಗೊತ್ತಾಗುತ್ತದೆ. ನಮ್ಮ ಕಡೆಯ ಸ್ಟಾಫ್ ನರ್ಸ್‌ಗಳ ಜೊತೆಯೂ ಮಾಡಲು ನಾನು ತಯಾರಿದ್ದೇನೆ. ನೆಟ್ ಇಲ್ಲದ ಕಡೆ ಆ್ಯಪ್ ಹೇಗೆ ನಡೆಯುತ್ತದೆ ಅಂತಲೂ ಪರೀಕ್ಷೆ ಆಗುತ್ತದೆ.

ಹೌಸ್‌ಸರ್ಜನ್_ವಿಜಯಪುರ:

ಒಪ್ಪಿಗೆ ಪತ್ರದ ಕರಡು ನಾನು ಬರೆದು ಇಲ್ಲೇ ಹಾಕುತ್ತೇನೆ. ಯಾರು ನೋಡಬಹುದು, ಯಾರು ನೋಡಬಾರದು, ಕೋರ್ಸ್ ಮುಗಿದ ಮೇಲೆ ಏನು ಮಾಡುತ್ತೀರಿ, ಬೇಡ ಅಂದವಳಿಗೆ ಕಾಗದದ ಲಾಗ್‌ಬುಕ್ ಸಾಕಾ, ಇಷ್ಟೂ ಅದರಲ್ಲಿ ಇರುತ್ತದೆ. ಮೇಡಂ, ನಿಮ್ಮ ವಿದ್ಯಾರ್ಥಿನಿಯರಲ್ಲಿ ಇಬ್ಬರನ್ನು ಈ ಚರ್ಚೆಗೆ ಸೇರಿಸಿ. ಅವರು ಓದಿ ತಿದ್ದಿದ ಮೇಲೆ ಪ್ರಿನ್ಸಿಪಾಲರಿಗೆ ಕಳಿಸೋಣ.

ಬೆಳಗಾವಿ_ನರ್ಸಿಂಗ್_ಟೀಚರ್:

ಇವತ್ತೇ ಸೇರಿಸುತ್ತೇನೆ. ಕರಡು ಕನ್ನಡದಲ್ಲೇ ಇರಲಿ.